ಕ್ಯಾಲ್ಗರಿಯ ಕ್ರೀಡಾಂಗಣ: ಖರ್ಚು ಯಾರ ಲೆಕ್ಕಕ್ಕೆ?

ಕೇಳುಗರಿಗೆ ನಮಸ್ಕಾರ.

ಕೆನಡಾ ದೇಶದ ಪಶ್ಚಿಮಕ್ಕೆ, ರಾಕಿ ಪರ್ವತಗಳ ಹತ್ತಿರ, ಕ್ಯಾಲ್ಗರಿ ಎಂಬ ನಗರವಿದೆ. ಆಲ್ಬರ್ಟಾ ಪ್ರಾಂತದ ತೈಲ ಕಂಪನಿಗಳ ಊರು. ಕೆಲಸ ಹುಡುಕಿಕೊಂಡು ಹೋಗಿ ನೆಲೆಸಿದ ನಮ್ಮ ಕನ್ನಡಿಗರೂ ಅಲ್ಲಿದ್ದಾರೆ. ಆ ನಗರದ ನಡುಭಾಗದಲ್ಲಿ ಒಂದು ‘ಇವೆಂಟ್ ಸೆಂಟರ್’ ಕಟ್ಟಬೇಕೇ, ಕಟ್ಟಿದರೆ ದುಡ್ಡು ಯಾರು ಕೊಡಬೇಕು ಎಂಬ ವ್ಯಾಜ್ಯ 2015ರಲ್ಲಿ ಆರಂಭವಾಗಿ 2023ರವರೆಗೆ ಎಳೆಯಿತು. ನಡುವೆ ಒಮ್ಮೆ ಮಾತುಕತೆ ಮುರಿಯಿತು. ಇನ್ನೊಮ್ಮೆ ಆಗಿದ್ದ ಕರಾರೇ ಬಿದ್ದುಹೋಯಿತು. ಆ ಎಂಟು ವರ್ಷಗಳಲ್ಲಿ ಮೇಯರ್ ಕುರ್ಚಿಯಲ್ಲಿ ಕುಳಿತವರು ಇಬ್ಬರು: ಗುಜರಾತಿ ಮೂಲದ ತಾಂಜಾನಿಯಾ ಕುಟುಂಬದ ನಹೀದ್ ನೆನ್ಶಿ, ಅವರ ನಂತರ ಪಂಜಾಬಿ ತಂದೆತಾಯಿಯ ಮಗಳು ಜ್ಯೋತಿ ಗೋಂಡೆಕ್. ಈ ಕಥೆಯಲ್ಲಿ ಬರುವ ಮೊತ್ತಗಳೆಲ್ಲ ಕೆನಡಾ ಡಾಲರಿನಲ್ಲಿವೆ. ಒಂದು ಕೆನಡಾ ಡಾಲರ್ ಎಂದರೆ ಸುಮಾರು ಅರವತ್ತು ರೂಪಾಯಿ ಎಂದು ಇಟ್ಟುಕೊಳ್ಳಿ.

ಇವೆಂಟ್ ಸೆಂಟರ್ ಎಂದು ಕರೆದರೂ ಅದರ ಮುಖ್ಯ ಬಾಡಿಗೆದಾರ ಒಂದು ಐಸ್ ಹಾಕಿ ತಂಡ, ಕ್ಯಾಲ್ಗರಿ ಫ್ಲೇಮ್ಸ್. ಉಳಿದ ದಿನಗಳಲ್ಲಿ ಸಂಗೀತ ಕಾರ್ಯಕ್ರಮ, ಪ್ರದರ್ಶನ, ಸಮಾವೇಶ. ಈಗಿರುವ ಕ್ರೀಡಾಂಗಣದ ಹೆಸರು ಸ್ಯಾಡಲ್‌ಡೋಮ್. 1983ರಲ್ಲಿ ಬಾಗಿಲು ತೆರೆಯಿತು. 1988ರ ಚಳಿಗಾಲದ ಒಲಿಂಪಿಕ್ಸ್‌ನ ಹಾಕಿ ಪಂದ್ಯಗಳು ನಡೆದದ್ದು ಅಲ್ಲಿ. ಕಟ್ಟಡ ನಗರದ್ದೇ. ಚಾವಣಿ ಕುದುರೆಯ ಜೀನಿನ ಆಕಾರದಲ್ಲಿ ನಡುವೆ ತಗ್ಗಾಗಿದೆ. ನೋಡುವುದಕ್ಕೆ ಬಹಳ ಚೆಂದ, ಊರಿನ ಗುರುತೇ ಅದು. ಆದರೆ ಆ ಚೆಂದವೇ ತೊಡಕೂ ಆಯಿತು. ದೊಡ್ಡ ಸಂಗೀತ ತಂಡಗಳು ಇಂದು ಟನ್ನುಗಟ್ಟಲೆ ದೀಪ, ಧ್ವನಿವರ್ಧಕ, ಪರದೆಗಳನ್ನು ಚಾವಣಿಯಿಂದ ತೂಗುಹಾಕುತ್ತವೆ. ಅಷ್ಟು ಭಾರ ಹೊರಲು ಆ ತಗ್ಗು ಚಾವಣಿಗೆ ಆಗದು. ಹಾಗಾಗಿ ಹಲವು ತಂಡಗಳು ಕ್ಯಾಲ್ಗರಿಯನ್ನು ಬಿಟ್ಟು ಮುನ್ನೂರು ಕಿಲೋಮೀಟರ್ ಉತ್ತರದ ಎಡ್ಮಂಟನ್‌ಗೆ ಹೋಗಿ ಹಾಡಿ ಬರುತ್ತವೆ. 2013ರ ಜೂನ್ ಪ್ರವಾಹದಲ್ಲಿ ನೀರು ಒಳಗೆ ನುಗ್ಗಿ ಕೆಳಗಿನ ಸಾಲುಗಳ ಆಸನಗಳನ್ನೇ ಮುಳುಗಿಸಿತ್ತು. ಹೊಸ ಕಟ್ಟಡ ಬೇಕು ಎಂಬುದರಲ್ಲಿ ಅರ್ಥವಿಲ್ಲವೆಂದು ನಾನು ಹೇಳಲಾರೆ. ಜಗಳವಿರುವುದು ಬಿಲ್ಲಿನ ವಿಷಯದಲ್ಲಿ.

2015ರ ಆಗಸ್ಟ್‌ನಲ್ಲಿ ತಂಡದ ಒಡೆಯರು ಮೊದಲ ಯೋಜನೆ ಮುಂದಿಟ್ಟರು. ನಗರಮಧ್ಯದ ಪಶ್ಚಿಮದ ಅಂಚಿನಲ್ಲಿ ಹಾಕಿ ಕ್ರೀಡಾಂಗಣ, ಫುಟ್‌ಬಾಲ್ ಮೈದಾನ, ಜೊತೆಗೆ ಸಾರ್ವಜನಿಕರಿಗೊಂದು ಒಳಾಂಗಣ ಮೈದಾನ. ಒಟ್ಟು 89 ಕೋಟಿ ಡಾಲರ್. ಅದರಲ್ಲಿ ಒಡೆಯರ ಸ್ವಂತ ಹಣ 20 ಕೋಟಿ ಮಾತ್ರ. ನಗರದ ಅಧಿಕಾರಿಗಳು ಕುಳಿತು ಲೆಕ್ಕ ಹಾಕಿದಾಗ ಮೊತ್ತ 180 ಕೋಟಿ ಮುಟ್ಟಿತು. ಆ ಜಾಗದಲ್ಲಿ ಹಿಂದೊಮ್ಮೆ ಮರ ಕೊಳೆಯದಂತೆ ಅದಕ್ಕೆ ಕ್ರಿಯೊಸೋಟ್ ಎಣ್ಣೆ ಬಳಿಯುವ ಕಾರ್ಖಾನೆ ಇತ್ತು. ಎಣ್ಣೆ ಮಣ್ಣಿಗಿಳಿದು ಕುಳಿತಿತ್ತು. ಅದನ್ನು ತೆಗೆಯುವ ಖರ್ಚು ತಂಡದ ಪಟ್ಟಿಯಲ್ಲಿರಲಿಲ್ಲ. ಯೋಜನೆ ಬಿತ್ತು. ಅಂದು ಅದರೊಡನೆ ಬಿದ್ದ ಒಳಾಂಗಣ ಮೈದಾನವನ್ನು ದಯವಿಟ್ಟು ನೆನಪಿನಲ್ಲಿಡಿ.

ಆಮೇಲೆ ಮಾತು ಈಗಿನ ಕ್ರೀಡಾಂಗಣದ ಪಕ್ಕದ ವಿಕ್ಟೋರಿಯಾ ಪಾರ್ಕ್ ಪ್ರದೇಶಕ್ಕೆ ಹೊರಳಿತು. 2017ರ ಸೆಪ್ಟೆಂಬರ್‌ನಲ್ಲಿ, ಮೇಯರ್ ಚುನಾವಣೆಗೆ ಒಂದು ತಿಂಗಳಿರುವಾಗ, ತಂಡ ಮಾತುಕತೆ ಮುಗಿಯಿತೆಂದು ಎದ್ದುಹೋಯಿತು. ನಗರದ ಪ್ರಸ್ತಾಪ ಹೀಗಿತ್ತು: ವೆಚ್ಚ 55.5 ಕೋಟಿ. ಮೂರರಲ್ಲೊಂದು ಪಾಲು ನಗರದ್ದು, ಮೂರರಲ್ಲೊಂದು ತಂಡದ್ದು, ಉಳಿದ ಪಾಲು ಟಿಕೆಟ್ ಮೇಲಿನ ಹೆಚ್ಚುವರಿ ಶುಲ್ಕದಿಂದ. ಕೇಳಲು ಎಷ್ಟು ಸಮನಾಗಿದೆ! ಆದರೆ ಟಿಕೆಟ್ ಶುಲ್ಕ ಯಾರ ಹಣ? ನಗರದ ದೃಷ್ಟಿಯಲ್ಲಿ ಅದು ಪ್ರೇಕ್ಷಕನ ಹಣ. ತಂಡ ಹೇಳಿತು, ಪ್ರೇಕ್ಷಕ ಒಂದು ಸಂಜೆಗೆ ಖರ್ಚು ಮಾಡಲು ಸಿದ್ಧನಿರುವುದು ಇಷ್ಟೇ, ಶುಲ್ಕ ಹಾಕಿದಷ್ಟೂ ನಮ್ಮ ಟಿಕೆಟ್ ಬೆಲೆ ತಗ್ಗಿಸಬೇಕಾಗುತ್ತದೆ, ಹಾಗಾಗಿ ಅದು ನಮ್ಮದೇ ಹಣ. ಈ ವಾದದಲ್ಲಿ ಹುರುಳಿದೆ. ಮುಂದಿನ ಎಲ್ಲ ಕರಾರುಗಳಲ್ಲೂ ಒಂದೇ ಹಣವನ್ನು ಇಬ್ಬರೂ ತಮ್ಮ ತಮ್ಮ ಖಾತೆಗೆ ಬರೆದುಕೊಳ್ಳುವ ಈ ಜಾಣ್ಮೆ ಕಾಣುತ್ತದೆ. ಚುನಾವಣೆಯಲ್ಲಿ ನೆನ್ಶಿ ಗೆದ್ದರು.

ಇಂಥ ಮಾತುಕತೆಗಳ ಹಿಂದೆ ಒಂದು ಬೆದರಿಕೆ ಸದಾ ಇರುತ್ತದೆ: ಕೊಡದಿದ್ದರೆ ತಂಡ ಊರು ಬಿಡುತ್ತದೆ. ಎಡ್ಮಂಟನ್‌ನಲ್ಲಿ 2012ರಲ್ಲಿ ಮಾತುಕತೆ ಬಿಗಿಯಾಗಿದ್ದಾಗ ಅಲ್ಲಿನ ತಂಡದ ಒಡೆಯ ಡ್ಯಾರಿಲ್ ಕಾಟ್ಸ್ ಅಮೆರಿಕದ ಸಿಯಾಟಲ್‌ಗೆ ಹೋಗಿ ಕಾಣಿಸಿಕೊಂಡರು. ಊರು ಕೆರಳಿತು, ಅವರು ಪತ್ರಿಕೆಗಳಲ್ಲಿ ಕ್ಷಮೆ ಕೇಳಿದರು. ಆದರೂ ಸಾರ್ವಜನಿಕ ಹಣದ ದೊಡ್ಡ ಪಾಲು ಪಡೆದು ಅಲ್ಲಿನ ಕ್ರೀಡಾಂಗಣ 2016ರಲ್ಲಿ ಎದ್ದಿತು. ಇನ್ನು ಕೆನಡಾದ ಪೂರ್ವದಲ್ಲಿ ಕ್ವಿಬೆಕ್ ನಗರವಿದೆ. ಅಲ್ಲಿನವರು ಸುಮಾರು 37 ಕೋಟಿ ಡಾಲರ್ ಸರ್ಕಾರಿ ಹಣದಲ್ಲಿ 2015ರಲ್ಲಿ ಭವ್ಯ ಕ್ರೀಡಾಂಗಣ ಕಟ್ಟಿ, ಯಾವುದಾದರೂ ದೊಡ್ಡ ಹಾಕಿ ತಂಡ ಬಂದೀತೆಂದು ಕಾದರು. ಕಟ್ಟಡ ಉದ್ಘಾಟನೆಯಾಗಿ ವರ್ಷಗಳು ಕಳೆದವು, ತಂಡ ಬರಲಿಲ್ಲ. ಬೆದರಿಕೆ ಹಾಕುವವರಿಗೆ ಮಾತ್ರ ಆ ಖಾಲಿ ಕ್ರೀಡಾಂಗಣ ಬಹಳ ಉಪಕಾರಿ.

ಈಗ ಕ್ಯಾಲ್ಗರಿಯ ಖಜಾನೆಯ ಸ್ಥಿತಿ ನೋಡೋಣ. 2014ರ ಕೊನೆಗೆ ಜಗತ್ತಿನಲ್ಲಿ ಕಚ್ಚಾತೈಲದ ಬೆಲೆ ಕುಸಿಯಿತು. ತೈಲ ಕಂಪನಿಗಳು ಜನರನ್ನು ಮನೆಗೆ ಕಳಿಸಿದವು. ನಗರಮಧ್ಯದ ಗಗನಚುಂಬಿ ಕಟ್ಟಡಗಳಲ್ಲಿ ಕಾಲುಭಾಗಕ್ಕೂ ಹೆಚ್ಚು ಕಚೇರಿಗಳು ಖಾಲಿಯಾದವು. ಅಲ್ಲಿ ನಗರದ ಆದಾಯದ ಬೆನ್ನೆಲುಬು ಆಸ್ತಿ ತೆರಿಗೆ. ಕಟ್ಟಡದ ಮಾರುಕಟ್ಟೆ ಬೆಲೆ ಇಳಿದರೆ ಅದರ ಪಾಲಿನ ತೆರಿಗೆಯೂ ಇಳಿಯುತ್ತದೆ. ಆದರೆ ನಗರದ ಖರ್ಚು ಇಳಿಯುವುದಿಲ್ಲ. ಆ ಕೊರತೆ ಹೊರಬಡಾವಣೆಗಳ ಸಣ್ಣ ಅಂಗಡಿ, ಉಪಾಹಾರ ಗೃಹ, ವರ್ಕ್‌ಶಾಪ್‌ಗಳ ಮೇಲೆ ಬಿತ್ತು. 2019ರ ಬೇಸಿಗೆಯಲ್ಲಿ ಅಂಗಡಿಯವರು ಪಾಲಿಕೆ ಕಟ್ಟಡದ ಮುಂದೆ ಸೇರಿ ಪ್ರತಿಭಟಿಸಿದರು. ಅವರ ತೆರಿಗೆ ತಗ್ಗಿಸಲು ನಗರಸಭೆ ಜುಲೈನಲ್ಲಿ 6 ಕೋಟಿ ಡಾಲರ್ ಖರ್ಚು ಕಡಿತ ಮಾಡಿತು. ಪೊಲೀಸ್, ಅಗ್ನಿಶಾಮಕ, ಬಸ್ ಸೇವೆ ಯಾವುದನ್ನೂ ಬಿಡಲಿಲ್ಲ.

ಅದೇ ವಾರ ಹೊಸ ಕ್ರೀಡಾಂಗಣದ ಒಪ್ಪಂದ ಪ್ರಕಟವಾಯಿತು. 55 ಕೋಟಿ ಡಾಲರ್, ನಗರಕ್ಕೆ ಅರ್ಧ, ತಂಡಕ್ಕೆ ಅರ್ಧ. ಅಭಿಪ್ರಾಯ ಹೇಳಲು ಜನರಿಗೆ ಸಿಕ್ಕಿದ್ದು ಒಂದು ವಾರ. ಜುಲೈ 30ರಂದು 11–4 ಮತಗಳಿಂದ ಪ್ರಸ್ತಾಪ ಅಂಗೀಕಾರವಾಯಿತು. ಬಸ್ಸಿಗೆ ಹಣವಿಲ್ಲದ ಊರಿನಲ್ಲಿ ಹಾಕಿಗೆ ಎಲ್ಲಿಂದ ಬಂತು ಎಂದು ಜನ ಕೇಳಿದರು. ಅದು ದಿನನಿತ್ಯದ ಖರ್ಚಿನ ಬಾಬತ್ತು, ಇದು ಬಂಡವಾಳದ ಬಾಬತ್ತು, ಎರಡನ್ನೂ ಬೆರೆಸಬಾರದು ಎಂಬ ಉತ್ತರ ಬಂತು. ಲೆಕ್ಕಪತ್ರದ ಶಾಸ್ತ್ರದ ಪ್ರಕಾರ ಅದು ಸರಿ. ಬಸ್ ನಿಲ್ದಾಣದಲ್ಲಿ ಕಾಯುವವನಿಗೆ ಆ ಶಾಸ್ತ್ರ ಯಾವ ಸಮಾಧಾನ ಕೊಡುತ್ತದೆ?

ಇಷ್ಟು ಹಣ ಹಾಕಿದರೆ ಸುತ್ತಲಿನ ಬಡಾವಣೆ ಬೆಳೆದು, ಬೆಳೆದ ಆಸ್ತಿಯ ತೆರಿಗೆಯಿಂದಲೇ ಸಾಲ ತೀರುತ್ತದೆ ಎಂಬ ವಾದವನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕು. ಅದಕ್ಕಾಗಿ ಅಲ್ಲಿ 2007ರಿಂದ ಒಂದು ವ್ಯವಸ್ಥೆ ಇದೆ. ನಗರಮಧ್ಯದ ಪೂರ್ವಕ್ಕೆ ಒಂದು ಗಡಿ ಎಳೆದು, ಆ ಗಡಿಯೊಳಗೆ ಮುಂದೆ ಹೆಚ್ಚಾಗುವ ತೆರಿಗೆಯನ್ನೆಲ್ಲ ಅಲ್ಲಿನ ರಸ್ತೆ, ಸೇತುವೆ, ಉದ್ಯಾನಗಳಿಗೇ ಮೀಸಲಿಡುತ್ತಾರೆ. ಈಸ್ಟ್ ವಿಲೇಜ್ ಎಂಬ ಪಾಳುಬಿದ್ದ ಪ್ರದೇಶ ಹಾಗೆಯೇ ಚೇತರಿಸಿಕೊಂಡಿತು. ಆದರೆ ಅಲ್ಲಿ ಎದ್ದ ಎತ್ತರದ ಕಟ್ಟಡ ಗಡಿಯೊಳಗೆ ಬಾರದೆ ಊರಿನ ಇನ್ನೊಂದು ಮೂಲೆಯಲ್ಲಿ ಎದ್ದಿದ್ದರೂ ತೆರಿಗೆ ಬರುತ್ತಿತ್ತು, ಅದೂ ಇಡೀ ನಗರದ ಖರ್ಚಿಗೆ. ಕ್ರೀಡಾಂಗಣದ ಒಳಗಿನ ವ್ಯಾಪಾರವೂ ಅಷ್ಟೇ. ಪಂದ್ಯಕ್ಕೆ ಹೋಗುವ ಕುಟುಂಬ ಆ ದಿನ ಬೇರೆ ಬಡಾವಣೆಯ ಹೋಟೆಲಿಗೋ ಸಿನಿಮಾಗೋ ಹೋಗುವುದಿಲ್ಲ. ಹಣ ಊರಿನೊಳಗೇ ಜಾಗ ಬದಲಿಸುತ್ತದೆ. ಕ್ರೀಡಾಂಗಣಗಳ ಮೇಲೆ ಸರ್ಕಾರ ಸುರಿದ ಹಣ ಅದೇ ಪ್ರಮಾಣದಲ್ಲಿ ಮರಳುವುದಿಲ್ಲ ಎಂಬ ವಿಷಯದಲ್ಲಿ ಅರ್ಥಶಾಸ್ತ್ರಜ್ಞರಲ್ಲಿ ಅಪರೂಪದ ಒಮ್ಮತವಿದೆ. ಇನ್ನಾವ ವಿಷಯದಲ್ಲೂ ಅವರು ಇಷ್ಟು ಒಗ್ಗಟ್ಟಾಗಿದ್ದನ್ನು ನಾನು ಕಂಡಿಲ್ಲ.

2021ರಲ್ಲಿ ವೆಚ್ಚ ಏರತೊಡಗಿತು. ಜುಲೈನಲ್ಲಿ ಕರಾರು ತಿದ್ದಿದರು. 60.85 ಕೋಟಿಯಲ್ಲಿ ನಗರದ ಪಾಲು 28.75 ಕೋಟಿ. ಅದಕ್ಕಿಂತ ಮುಖ್ಯವಾಗಿ, ಮುಂದೆ ಖರ್ಚು ಹೆಚ್ಚಾದರೆ ಆ ಭಾರ ತಂಡದ್ದು. ಇಡೀ ಎಂಟು ವರ್ಷದಲ್ಲಿ ನಗರಕ್ಕೆ ದಕ್ಕಿದ ಅತ್ಯಂತ ಒಳ್ಳೆಯ ಸಾಲು ಇದೇ ಎಂದು ನನ್ನ ಅಭಿಪ್ರಾಯ. ಎಷ್ಟು ಕೊಡುತ್ತೇವೆ ಎಂಬುದಕ್ಕಿಂತ, ಎಡವಟ್ಟಾದರೆ ತೆರುವವರು ಯಾರು ಎಂಬುದು ಇಂಥ ಕರಾರಿನ ಜೀವ. ಆದರೆ ಆ ಸಾಲೇ ಕರಾರನ್ನೂ ಮುರಿಯಿತು. ಕೊರೋನಾ ಕಾಲದಲ್ಲಿ ಉಕ್ಕು, ಸಿಮೆಂಟ್ ಎಲ್ಲದರ ಬೆಲೆ ಹಾರುತ್ತಿತ್ತು. ಅಂದಾಜು 63.4 ಕೋಟಿ ಮುಟ್ಟಿತು. ಅಷ್ಟರಲ್ಲಿ ಕಟ್ಟಡ ಪರವಾನಗಿಯ ಜೊತೆಗೆ ರಸ್ತೆ, ಪಾದಚಾರಿ ಮಾರ್ಗ, ಸೌರಫಲಕಗಳ ಷರತ್ತು ಸೇರಿ ಸುಮಾರು 1.6 ಕೋಟಿಯ ಹೊಸ ಪ್ರಶ್ನೆ ಎದ್ದಿತು. ನಗರ 64 ಲಕ್ಷ ಕೊಡಲು ಮುಂದಾಯಿತು. ಉಳಿದ 97 ಲಕ್ಷ ಡಾಲರ್ ಯಾರು ಕೊಡಬೇಕೆಂದು ಇತ್ಯರ್ಥವಾಗಲಿಲ್ಲ. ಅಧಿಕಾರ ವಹಿಸಿಕೊಂಡು ಎರಡು ತಿಂಗಳೂ ಆಗದ ಮೇಯರ್ ಗೋಂಡೆಕ್, ತಂಡ ಹಿಂದೆ ಸರಿಯುತ್ತಿದೆ ಎಂದು ಡಿಸೆಂಬರ್ 21ರಂದು ಟ್ವಿಟರ್‌ನಲ್ಲಿ ತಿಳಿಸಿದರು. ವರ್ಷದ ಕೊನೆಯ ರಾತ್ರಿ ಕರಾರು ರದ್ದಾಯಿತು.

ಆನೆ ಕೊಟ್ಟು ಅಂಕುಶಕ್ಕೆ ಜಗಳವಾಡಿದರು ಎಂದು ನಗರವನ್ನು ಹಲವರು ಬೈದರು. ನನಗೆ ಹಾಗನ್ನಿಸುವುದಿಲ್ಲ. ಮುಂದಿನ ಏರಿಕೆಯೆಲ್ಲ ತನ್ನ ತಲೆಗೇ ಬರುತ್ತದೆಂದು ತಿಳಿದ ತಂಡಕ್ಕೆ ಹೊರಬರಲು ಒಂದು ಬಾಗಿಲು ಬೇಕಿತ್ತು. ಆ 97 ಲಕ್ಷ ಬಾಗಿಲಾಯಿತು.

ಹದಿನಾರು ತಿಂಗಳ ನಂತರ, 2023ರ ಏಪ್ರಿಲ್ 25ರಂದು, ಹೊಸ ಒಪ್ಪಂದ ಬಂತು. ಮೊತ್ತ 122 ಕೋಟಿ ಡಾಲರ್! ನಗರದ್ದು 53.73 ಕೋಟಿ. ಪ್ರಾಂತ ಸರ್ಕಾರದ್ದು 33 ಕೋಟಿ. ತಂಡದ್ದು 35.6 ಕೋಟಿ. ನ್ಯಾಯವಾಗಿ ಹೇಳಬೇಕೆಂದರೆ ಇದು ಹಳೆಯ ಕರಾರಿನ ಕಟ್ಟಡವೊಂದೇ ಅಲ್ಲ. ಪಕ್ಕದಲ್ಲೊಂದು ಸಣ್ಣ ಸಮುದಾಯ ರಿಂಕ್ (ಐಸ್ ಆಟದ ಅಂಗಳ), ರಸ್ತೆಗಳು, ಅಂಡರ್‌ಪಾಸ್, ಸ್ಯಾಡಲ್‌ಡೋಮ್ ಕೆಡವುವ ಖರ್ಚು ಎಲ್ಲ ಇದರಲ್ಲಿ ಸೇರಿವೆ. ಹಾಗೆಂದರೂ ಸಾರ್ವಜನಿಕ ಹಣ 28.75 ಕೋಟಿಯಿಂದ 86 ಕೋಟಿ ದಾಟಿತು. ಪ್ರಾಂತದ ಪ್ರೀಮಿಯರ್ (ನಮ್ಮಲ್ಲಿಯ ಮುಖ್ಯಮಂತ್ರಿ ಇದ್ದಂತೆ) ಡೇನಿಯಲ್ ಸ್ಮಿತ್ ಖುದ್ದಾಗಿ ವೇದಿಕೆಗೆ ಬಂದು ಇದನ್ನು ಪ್ರಕಟಿಸಿದರು. ಪ್ರಾಂತದ ಚುನಾವಣೆ ಮೇ 29ಕ್ಕಿತ್ತು, ಕ್ಯಾಲ್ಗರಿಯ ಕ್ಷೇತ್ರಗಳೇ ಸರ್ಕಾರವನ್ನು ನಿರ್ಧರಿಸುವಂತಿದ್ದವು. ಇದರ ಮೇಲೆ ನಾನು ಟಿಪ್ಪಣಿ ಮಾಡುವ ಅಗತ್ಯವಿಲ್ಲ.

ತಂಡದ ಆ 35.6 ಕೋಟಿಯನ್ನು ಹತ್ತಿರದಿಂದ ನೋಡಿದರೆ ಸ್ವಾರಸ್ಯವಿದೆ. ಮೊದಲಿಗೆ ಕೊಡುವುದು 4 ಕೋಟಿ. ಉಳಿದದ್ದು ವರ್ಷಕ್ಕೆ 1.7 ಕೋಟಿಯಂತೆ 35 ವರ್ಷ, ಪ್ರತಿ ವರ್ಷ ಶೇಕಡಾ 1 ಹೆಚ್ಚಳ. ಕೂಡಿದರೆ ಸುಮಾರು 75 ಕೋಟಿ ಆಗುತ್ತದೆ, ಇಂದಿನ ಬೆಲೆಗೆ ಇಳಿಸಿದರೆ 35.6 ಕೋಟಿ. ಇದಕ್ಕೆ ಬಂಡವಾಳ ಎಂದು ಹೆಸರು. ಕಂತಿನಲ್ಲಿ ಬರುವುದನ್ನು ನನ್ನ ನಿಘಂಟು ಬಾಡಿಗೆ ಎನ್ನುತ್ತದೆ. ಕೆನಡಾದ ಕೇಂದ್ರ ಬ್ಯಾಂಕ್ ಹಣದುಬ್ಬರಕ್ಕೆ ಇಟ್ಟುಕೊಂಡ ಗುರಿಯೇ ಶೇಕಡಾ 2. ಬೆಲೆಗಳು ಎರಡು ಹೆಜ್ಜೆ ಏರುವಾಗ ಬಾಡಿಗೆ ಒಂದು ಹೆಜ್ಜೆ ಏರಿದರೆ, ವರ್ಷ ಕಳೆದಂತೆ ಅದರ ನಿಜಬೆಲೆ ಇಳಿಯುತ್ತ ಹೋಗುತ್ತದೆ. ಕಟ್ಟುವ ಕಾಲದ ಹಣ ಹಾಕುವವರು ನಗರದವರು. ತೆರಿಗೆ ಏರಿಸುವುದಿಲ್ಲ, ಮೀಸಲು ನಿಧಿಯಿಂದ ಕೊಡುತ್ತೇವೆ ಎಂದು ನಗರ ಹೇಳಿತು. ಮೀಸಲು ನಿಧಿಯೂ ಒಂದು ಕಾಲದಲ್ಲಿ ಯಾರೋ ಕಟ್ಟಿದ ತೆರಿಗೆಯೇ ತಾನೇ.

2019ರಲ್ಲಿ ಕನಿಷ್ಠ ನಾಲ್ವರಾದರೂ ಬೇಡವೆಂದಿದ್ದರು. ಈ ಬಾರಿ ನಗರಸಭೆ ಒಮ್ಮತದಿಂದ ಒಪ್ಪಿತು. ಮಾತುಕತೆ ಮುಚ್ಚಿದ ಬಾಗಿಲಿನ ಹಿಂದೆ ನಡೆದಿತ್ತು. ಅಕ್ಟೋಬರ್‌ನಲ್ಲಿ ಸಹಿ ಬಿತ್ತು. ಹಣ ಬರುವುದೋ ಇಲ್ಲವೋ ಎಂಬ ಅನಿಶ್ಚಿತತೆಯ ವರ್ಷಗಳನ್ನು ಅಲ್ಲಿನ ಪತ್ರಿಕೆಗಳು ವಿಳಂಬವೆಂದೂ ಗೊಂದಲವೆಂದೂ ಬರೆದವು. ನನ್ನ ಲೆಕ್ಕದಲ್ಲಿ ಪ್ರಜೆಗಳ ಕೈಯಲ್ಲಿ ಚೌಕಾಸಿಯ ಬಲವಿದ್ದದ್ದು ಆ ವರ್ಷಗಳಲ್ಲಿ ಮಾತ್ರ. ಅಪಾಯದ ಹೊರೆ ತಂಡದ ಹೆಗಲಿಗೆ ಹೋದದ್ದು ಆಗಲೇ. ಗೊಂದಲ ಬೇಗ ಮುಗಿಯಲಿ ಎಂಬ ಬೇಸರವೇ ಕೊನೆಗೆ ದುಬಾರಿಯಾಯಿತು.

2024ರ ಜುಲೈನಲ್ಲಿ ಭೂಮಿ ಅಗೆಯುವ ಕೆಲಸ ಆರಂಭವಾಯಿತು. ಬ್ಯಾಂಕೊಂದರ ಹೆಸರಿನಲ್ಲಿ ‘ಸ್ಕೋಶಿಯಾ ಪ್ಲೇಸ್’ ಎಂದು ನಾಮಕರಣವಾಯಿತು. 2027ರ ಕೊನೆಯ ತಿಂಗಳುಗಳಲ್ಲಿ ಆಟ ಶುರುವಾಗಬೇಕು ಎಂಬುದು ಯೋಜನೆ. ಇನ್ನು ಆ ಒಳಾಂಗಣ ಮೈದಾನ. ಶಾಲೆಯ ಮಕ್ಕಳು, ಓಟಗಾರರು, ವಯಸ್ಸಾದವರು ಆರು ತಿಂಗಳ ಹಿಮಗಾಲದಲ್ಲಿ ಓಡಾಡಲು ಬೇಕೆಂದು ನಗರವೇ ತನ್ನ ಕ್ರೀಡಾ ಸೌಲಭ್ಯಗಳ ಪಟ್ಟಿಯ ಮೇಲ್ಭಾಗದಲ್ಲಿ ಬರೆದಿಟ್ಟುಕೊಂಡಿದ್ದ ಕಟ್ಟಡವದು. ಹೊಸ ಕರಾರಿಗೆ ಸಹಿ ಬಿದ್ದ ದಿನವೂ ಅದಕ್ಕೆ ಪೂರ್ತಿ ಹಣ ಹೊಂದಿರಲಿಲ್ಲ. ಅದು ಫುಟ್‌ಹಿಲ್ಸ್ ಎಂಬಲ್ಲಿ ಬರಬೇಕು, ನಗರ ಒಂದಷ್ಟು ಕೊಡುತ್ತದೆ, ಉಳಿದದ್ದನ್ನು ಪ್ರಾಂತವೂ ದೇಶದ ಸರ್ಕಾರವೂ ಕೊಡಲಿ ಎಂಬುದು ಆಗಿನ ನಿರೀಕ್ಷೆ. ಅದಕ್ಕೆ ಊರು ಬಿಟ್ಟು ಹೋಗುತ್ತೇನೆಂದು ಬೆದರಿಸುವ ತಂಡವಿಲ್ಲ.

ನಮಸ್ಕಾರ.