ಬಿಪಿಗೆ ಸೆಲೆನಿಯಂ ಮಾತ್ರೆ ಬೇಕೆ?

ಕೇಳುಗರಿಗೆ ನಮಸ್ಕಾರ. ಬಿಪಿ ಇಳಿಯುತ್ತದೆಂದು ನಂಬಿ, ಡಾಕ್ಟರನ್ನೂ ಕೇಳದೆ ಸೆಲೆನಿಯಂ ಮಾತ್ರೆ ನುಂಗುವವರಿದ್ದಾರೆ. ಕಾರವಾರವಿರಲಿ, ಶಿರಸಿಯಿರಲಿ, ಅಂಥ ಡಬ್ಬಿ ಕೊಳ್ಳುವ ಮೊದಲು ಈ ಮಾತು ಕೇಳಿ.

ಸೆಲೆನಿಯಂ ಎಂಬ ಖನಿಜ ದೇಹಕ್ಕೆ ಬೇಕೇ ಬೇಕು, ಆದರೆ ತೀರಾ ಸ್ವಲ್ಪ. ಭಾರತದ ವಯಸ್ಕರಿಗೆ ದಿನಕ್ಕೆ 40 ಮೈಕ್ರೊಗ್ರಾಂ ಸಾಕು. ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವ ಕೆಲಸ ಮಾಡುವುದು ಇದರಿಂದಲೇ. ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಬಿಟ್ಟಾಗ ನಾಳ ಸಡಿಲಗೊಳ್ಳುತ್ತದೆ. ಆ ಪದರವನ್ನು ಪೆರಾಕ್ಸೈಡುಗಳೆಂಬ ಹಾನಿಕರ ರಾಸಾಯನಿಕಗಳ ಹಾವಳಿಯಿಂದ ಕಾಯುವುದು ಈ ಕಿಣ್ವ. ಹಾಗಾಗಿ ಸೆಲೆನಿಯಂ ಕಡಿಮೆಯಾದರೆ ಒತ್ತಡ ಏರೀತೆಂಬ ಊಹೆಗೆ ಆಧಾರವಿದೆ.

ಜನರ ರಕ್ತ ಪರೀಕ್ಷಿಸಿದಾಗ ಮಾತ್ರ ಉತ್ತರ ಎರಡಾಯಿತು. 2007ರಲ್ಲಿ ಪ್ರಕಟವಾದ ಬೆಲ್ಜಿಯಂ ಅಧ್ಯಯನದಲ್ಲಿ, ರಕ್ತದಲ್ಲಿ ಸೆಲೆನಿಯಂ ಹೆಚ್ಚಿದ್ದ ಗಂಡಸರಿಗೆ ಬಿಪಿ ಕಡಿಮೆಯಿತ್ತು. ಹೆಂಗಸರಲ್ಲಿ ಈ ನಂಟು ಕಾಣಲಿಲ್ಲ. ಅಮೆರಿಕದ 2003-04ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ತದ್ವಿರುದ್ಧ: ಸೆಲೆನಿಯಂ ಹೆಚ್ಚಿದ್ದವರಲ್ಲೇ ಅಧಿಕ ರಕ್ತದೊತ್ತಡ ಹೆಚ್ಚು. ಯುರೋಪಿನ ಮಣ್ಣಿನಲ್ಲಿ ಸೆಲೆನಿಯಂ ಕಡಿಮೆ, ಅಮೆರಿಕದವರ ಊಟದಲ್ಲಿ ಮೊದಲೇ ಧಾರಾಳ. ಕೊರತೆ ಇದ್ದವರಿಗೆ ತುಂಬಿಕೊಟ್ಟರೆ ಅನುಕೂಲವಾದೀತು, ತುಂಬಿದವರಿಗೆ ಮತ್ತೆ ಸುರಿದರೆ ತೊಂದರೆ. ನನಗೆ ಹೆಚ್ಚು ಒಪ್ಪುವ ವಿವರಣೆ ಇದೇ. ಆದರೂ ಇವು ನಂಟನ್ನಷ್ಟೇ ತೋರಿಸುತ್ತವೆ, ಕಾರಣವನ್ನಲ್ಲ. ಹೃದಯರೋಗ ತಡೆಯಲೆಂದು ಸೆಲೆನಿಯಂ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಲಾಭ ಕಾಣಲಿಲ್ಲ. ದಿನಕ್ಕೆ 200 ಮೈಕ್ರೊಗ್ರಾಂ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚಿದ್ದನ್ನು ಅಮೆರಿಕದ ಒಂದು ಪ್ರಯೋಗ ತೋರಿಸಿತು.

ರಕ್ತದ ಸೆಲೆನಿಯಂ ಪರೀಕ್ಷೆಗೂ ಒಂದು ಮಿತಿಯಿದೆ. ಜ್ವರ, ಸೋಂಕು, ಉರಿಯೂತ ಇದ್ದಾಗ ಸೀರಂನಲ್ಲಿ, ಅಂದರೆ ರಕ್ತದ ತಿಳಿ ದ್ರವದಲ್ಲಿ, ಅದರ ಮಟ್ಟ ತಾನಾಗಿಯೇ ಇಳಿಯುತ್ತದೆ. ಆ ರಿಪೋರ್ಟ್ ಹಿಡಿದು ಕೊರತೆ ಎಂದು ತೀರ್ಮಾನಿಸಿದರೆ ತಪ್ಪಾಗುತ್ತದೆ.

ಕರಾವಳಿಯವರ ಊಟದಲ್ಲಿ ಸೆಲೆನಿಯಂ ಇದ್ದೇ ಇದೆ. ಬಂಗಡೆ, ತಾರ್ಲೆ, ಸಿಗಡಿ, ಬಳಚು ಎಲ್ಲವೂ ಒಳ್ಳೆಯ ಮೂಲಗಳು. ನೂರು ಗ್ರಾಂ ತಾರ್ಲೆಯಲ್ಲೇ ದಿನದ ಅಗತ್ಯ ಬಹುಮಟ್ಟಿಗೆ ಮುಗಿಯುತ್ತದೆ. ಘಟ್ಟದ ಮೇಲೆ ಮೀನು, ಮೊಟ್ಟೆ ತಿನ್ನದವರಿಗೆ ಧಾನ್ಯ, ಬೇಳೆಕಾಳು, ಹಾಲು-ಮೊಸರಿನಿಂದ ಸಿಗುತ್ತದೆ. ಎಷ್ಟೆಂಬುದು ಬೆಳೆದ ಮಣ್ಣಿನ ಮೇಲೆ ನಿಂತಿದೆ.

ಬಿಪಿ ಇದ್ದವರಿಗೆ ದೊಡ್ಡ ಪ್ರಶ್ನೆ ಉಪ್ಪು. ಮಳೆಗಾಲದಲ್ಲಿ ಯಾಂತ್ರಿಕ ಬೋಟುಗಳು ದಡ ಸೇರಿದಾಗ ಒಣಮೀನು ಹೊರಬರುತ್ತದೆ. ಉಪ್ಪು ಹಾಕಿ ಒಣಗಿಸಿದ ಮೀನಿನ ನೂರು ಗ್ರಾಮಿನಲ್ಲಿ ಹತ್ತು ಗ್ರಾಂ ಉಪ್ಪಿರುವುದು ಅಪರೂಪವಲ್ಲ. ಐವತ್ತು ಗ್ರಾಂ ತಿಂದರೆ, ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನದ ಐದು ಗ್ರಾಂ ಮಿತಿ ಅಲ್ಲಿಗೇ ಮುಗಿಯಿತು. ನೀರು ಬದಲಿಸಿ ನೆನೆಸಿದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿಯ ಲೆಕ್ಕವೂ ಇದರಲ್ಲೇ ಸೇರಬೇಕು.

ಮನೆಯಲ್ಲಿ ಬಿಪಿ ನೋಡುವಾಗ ಅರ್ಧ ಗಂಟೆ ಮೊದಲಿಂದ ಚಹಾ, ಕವಳ, ಬೀಡಿ ಬೇಡ. ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆಯಿಟ್ಟು, ಪಾದ ನೆಲಕ್ಕೂರಿ, ಐದು ನಿಮಿಷ ಮಾತಿಲ್ಲದೆ ಕೂರಿ. ತೋಳಿನ ಪಟ್ಟಿ ಬರಿಮೈ ಮೇಲೆ, ಎದೆಯ ಮಟ್ಟದಲ್ಲಿರಲಿ. ಪಟ್ಟಿ ಚಿಕ್ಕದಾದರೆ ಅಂಕಿ ಸುಳ್ಳೇ ಏರುತ್ತದೆ. ಒಂದು ನಿಮಿಷ ಬಿಟ್ಟು ಎರಡು ಸಲ, ಬೆಳಿಗ್ಗೆ ಮತ್ತು ಸಂಜೆ, ಏಳು ದಿನ ಬರೆದಿಡಿ. ಮೊದಲ ದಿನದ್ದು ಬಿಟ್ಟು ಉಳಿದವುಗಳ ಸರಾಸರಿ 135/85 ಅಥವಾ ಮೇಲಿದ್ದರೆ ಡಾಕ್ಟರಿಗೆ ತೋರಿಸಿ.

ಈಗಾಗಲೇ ಸೆಲೆನಿಯಂ ತೆಗೆದುಕೊಳ್ಳುತ್ತಿದ್ದರೆ ಆ ಡಬ್ಬಿಯನ್ನೂ ಒಯ್ಯಿರಿ. ಮಲ್ಟಿವಿಟಮಿನ್‌ನಲ್ಲಿರುವುದನ್ನೂ ಕೂಡಿಸಿ ನೋಡಬೇಕು. ಕೂದಲು ಉದುರುವುದು, ಉಗುರು ಮುರಿಯುವುದು, ತಿನ್ನದಿದ್ದರೂ ಉಸಿರಲ್ಲಿ ಬೆಳ್ಳುಳ್ಳಿ ವಾಸನೆ ಬರುವುದು ಸೆಲೆನಿಯಂ ಮಿತಿಮೀರಿದ್ದರ ಗುರುತು. ಕಂಡರೆ ಸೆಲೆನಿಯಂ ಮಾತ್ರೆಯನ್ನು ಅಂದೇ ನಿಲ್ಲಿಸಿ. ಬಿಪಿ ಮಾತ್ರೆಯನ್ನು ಮಾತ್ರ ಡಾಕ್ಟರು ಹೇಳದೆ ಬಿಡಬೇಡಿ.