ಎಲುಬಿಗೆ ಹಾಕುವ ಟೈಟಾನಿಯಂ ಸ್ವಲ್ಪ ಮೆತ್ತಗಿದ್ದರೇ ಒಳ್ಳೆಯದು!

[ದೃಶ್ಯ: ಪಂಪ್‌ವೆಲ್ ಸರ್ಕಲ್, ಜೋರು ಮಳೆ, ಬೈಕುಗಳು]

ಮಂಗಳೂರಲ್ಲಿ ಮಳೆಗಾಲದಲ್ಲಿ ಯಾರಾದ್ರೂ ಬೈಕಿನಿಂದ ಬಿದ್ದರೆ, ನೋಡಲು ಹೋದವರು ಮೊದಲು ಕೇಳುವುದು "ರಾಡ್ ಹಾಕಿದ್ದಾರಾ?" ಅಂತ. ಆಮೇಲೆ, "ಸ್ಟೀಲಾ, ಟೈಟಾನಿಯಮ್ಮಾ?" ಟೈಟಾನಿಯಂಗೆ ದುಡ್ಡು ಜಾಸ್ತಿ, ಹಾಗಾಗಿ ಅದೇ ಬಿಗಿ ಅಂತ ನಮ್ಮ ಲೆಕ್ಕ. ಉಲ್ಟಾ ಮಾರಾಯ್ರೇ!

[ಪರದೆಯಲ್ಲಿ ಮೂರು ಪಟ್ಟಿ]

ಬಿಗಿ ಅಂದ್ರೆ ಸುಲಭಕ್ಕೆ ಬಗ್ಗದ ಗುಣ, ಅದನ್ನು ಗಿಗಾಪಾಸ್ಕಲ್ ಅನ್ನುವ ಮಾನದಲ್ಲಿ ಅಳೆಯುತ್ತಾರೆ. ಸ್ಟೀಲಿನದ್ದು ಸುಮಾರು 200. ಈಗ ಹೆಚ್ಚಾಗಿ ಬಳಸುವ, ಶೇ. 6 ಅಲ್ಯೂಮಿನಿಯಂ ಮತ್ತು ಶೇ. 4 ವನೇಡಿಯಂ ಬೆರೆತ ಟೈಟಾನಿಯಂನದ್ದು ಸುಮಾರು 110. ನಮ್ಮ ಎಲುಬಿನದ್ದು? ಬರೀ 10ರಿಂದ 30. ಭಾರವನ್ನೆಲ್ಲ ಲೋಹವೇ ಹೊತ್ತರೆ ಪಕ್ಕದ ಎಲುಬಿಗೆ ಕೆಲಸ ಇಲ್ಲ, ಕೆಲಸ ಇಲ್ಲದ ಎಲುಬು ತೆಳುವಾಗುತ್ತಾ ಬರುತ್ತದೆ, ಸೊಂಟದ ಕೀಲು ಬದಲಿಸಿದವರಲ್ಲಿ ಇಂಪ್ಲಾಂಟ್ ಸಡಿಲವಾಗಲು ಇದೂ ಒಂದು ಕಾರಣ.

ಟೈಟಾನಿಯಂ ಪರಮಾಣುಗಳು ಮಾಮೂಲಿ ಬಿಸಿಯಲ್ಲಿ ಆರು ಮೂಲೆಯ ಆಕಾರದಲ್ಲಿ ಕೂರುತ್ತವೆ, ಅದು ಆಲ್ಫಾ. 882 ಡಿಗ್ರಿ ಸೆಲ್ಸಿಯಸ್ ದಾಟಿದರೆ ಚೌಕ ಡಬ್ಬಿಯ (ಘನ) ಆಕಾರದ ಬೀಟಾ. ನಮಗೆ ಬೇಕಾದ ಮೆತ್ತಗಿನ ಲೋಹ ಸಿಗುವುದು ಬೀಟಾದಲ್ಲಿ, ಆದರೆ ತಣ್ಣಗಾದರೆ ಅದು ವಾಪಸ್ ಆಲ್ಫಾ. ನಿಯೋಬಿಯಂ, ಟ್ಯಾಂಟಲಂ ಅನ್ನುವ ಲೋಹಗಳನ್ನು ಬೆರೆಸಿದರೆ ಬೀಟಾ ನಿಲ್ಲುತ್ತದೆ. ಎಷ್ಟು ಬೆರೆಸಬೇಕು? ಸುಮ್ನೆ ಕರಗಿಸಿ ನೋಡೋಣ ಅಂದರೆ ಎರಡೂ ದುಬಾರಿ, ಟ್ಯಾಂಟಲಂ ಕರಗಲು 3,000 ಡಿಗ್ರಿ ದಾಟಬೇಕು.

[ಅನಿಮೇಷನ್: ಪರಮಾಣುಗಳ ಡಬ್ಬಿ ಓರೆಯಾಗುತ್ತದೆ]

ಅದಕ್ಕೇ ಕಂಪ್ಯೂಟರ್. ವಿಜ್ಞಾನಿ ವಾಲ್ಟರ್ ಕೋನ್‌ಗೆ 1998ರ ರಸಾಯನಶಾಸ್ತ್ರ ನೊಬೆಲ್ ತಂದುಕೊಟ್ಟ, ಎಲೆಕ್ಟ್ರಾನ್‌ಗಳು ಎಲ್ಲೆಲ್ಲಿ ಎಷ್ಟು ದಟ್ಟವಾಗಿವೆ ಅನ್ನುವುದರಿಂದ ಶಕ್ತಿಯ ಲೆಕ್ಕ ಹಾಕುವ ಡೆನ್ಸಿಟಿ ಫಂಕ್ಷನಲ್ ಥಿಯರಿ ಬಳಸಿ, ಕೆಲವೇ ಹತ್ತು ಪರಮಾಣುಗಳ ಒಂದು ಡಬ್ಬಿಯನ್ನು ಚೂರು ಓರೆ ಮಾಡಿ, ಶಕ್ತಿ ಏರಿತಾ ಇಳಿಯಿತಾ ಅಂತ ನೋಡುತ್ತಾರೆ. ಏರಿದರೆ ಆಕಾರ ನಿಲ್ಲುತ್ತದೆ. ಶುದ್ಧ ಟೈಟಾನಿಯಂನ ಬೀಟಾದಲ್ಲಿ ಇಳಿಯುತ್ತದೆ, ಅಂದ್ರೆ ನಿಲ್ಲಲ್ಲ. ನಿಯೋಬಿಯಂ ಸೇರಿಸುತ್ತಾ ಹೋದಂತೆ ಒಂದು ಹಂತದಲ್ಲಿ ಶಕ್ತಿ ಕಷ್ಟಪಟ್ಟು ಚೂರೇ ಚೂರು ಏರುತ್ತದೆ, ಮತ್ತು ಮಜಾ ಅಂದ್ರೆ, ಬೀಳಲೋ ನಿಲ್ಲಲೋ ಅನ್ನುವ ಆ ಅಂಚಿನಲ್ಲೇ ಲೋಹ ತುಂಬ ಮೆತ್ತಗಿರುವುದು! ನಿಯೋಬಿಯಂ ಜಾಸ್ತಿಯಾದರೆ ಬಿಗಿ ಮತ್ತೆ ಏರುತ್ತದೆ. ಕಡಿಮೆಯಾದರೆ ಒಮೆಗಾ ಅನ್ನುವ ಇನ್ನೊಂದು ಆಕಾರ ನುಸುಳಿ ಲೋಹವನ್ನು ಪೆಡಸು ಮಾಡುತ್ತದೆ. ಶೇ. 35 ನಿಯೋಬಿಯಂ, 7 ಜಿರ್ಕೋನಿಯಂ, 5 ಟ್ಯಾಂಟಲಂ ಇರುವ ಮಿಶ್ರಲೋಹದ ಬಿಗಿ ಸುಮಾರು 55. ಅಂದ್ರೆ 110ರ ಅರ್ಧ.

ಒಂದು ತಕರಾರು ನನ್ನದು. ಈ ಲೆಕ್ಕ ಸಾಮಾನ್ಯವಾಗಿ ಸೊನ್ನೆ ಕೆಲ್ವಿನ್‌ನಲ್ಲಿ, ಅಂದ್ರೆ ಸುಮಾರು ಮೈನಸ್ 273 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಡೆಯುತ್ತದೆ, ನಮ್ಮ ಮೈ ಇರುವುದು 37 ಡಿಗ್ರಿಯಲ್ಲಿ. ಬಿಸಿಗೆ ಪರಮಾಣುಗಳು ನಡುಗುವುದನ್ನೂ ಲೆಕ್ಕಕ್ಕೆ ಸೇರಿಸದೆ "ಹೊಸ ಲೋಹ ಸಿಕ್ಕಿತು" ಅಂದರೆ ನಾನು ನಂಬಲ್ಲ. ಮತ್ತೆ, ಆ ಲೋಹ ಎಷ್ಟು ಹೆಜ್ಜೆ ತಾಳುತ್ತದೆ ಅಂತಲೂ ಈ ಲೆಕ್ಕ ಹೇಳುವುದಿಲ್ಲ, ಅದಕ್ಕೆ ತುಂಡನ್ನು ಯಂತ್ರಕ್ಕೆ ಸಿಕ್ಕಿಸಿ ಲಕ್ಷಗಟ್ಟಲೆ ಸಲ ಬಗ್ಗಿಸಿಯೇ ನೋಡಬೇಕು.