ಕಾಫಿ ಬಿಟ್ಟ ಎರಡನೇ ದಿನ ತಲೆ ಯಾಕೆ ಸಿಡಿಯುತ್ತೆ? ಅಳತೆ ಇಟ್ಟು ಬಿಡುವ ಕ್ರಮ

[ದೃಶ್ಯ: ಖಾಲಿ ಕಾಫಿ ಲೋಟ, ಹಿಂದೆ ಗೋಡೆ ಗಡಿಯಾರ]

ನಮಸ್ಕಾರ. "ನಾಳೆಯಿಂದ ಕಾಫಿ ಮುಟ್ಟಲ್ಲ" ಅಂತ ಒಂದೇ ಏಟಿಗೆ ನಿಲ್ಲಿಸಿ, ಮಾರನೇ ದಿನ ತಲೆನೋವು ತಡೆಯೋಕಾಗದೆ ಮತ್ತೆ ಲೋಟ ಹಿಡಿದವರು ಬಹಳ ಮಂದಿ. ಅವರ ಮನಸ್ಸು ಗಟ್ಟಿ ಇಲ್ಲ ಅಂತಲ್ಲ, ಇಳಿಸಿದ ರೀತಿ ಸರಿ ಇಲ್ಲ. ಕಾಫಿ ಬಿಡೋಕೆ ಹಟಕ್ಕಿಂತ ಹೆಚ್ಚಾಗಿ ಬೇಕಾಗಿರೋದು ಒಂದು ಅಳತೆ ಚಮಚ.

[ಪರದೆ ಮೇಲೆ: 12–24 ಗಂಟೆ: ಶುರು / 20–51 ಗಂಟೆ: ತೀವ್ರ / 2–9 ದಿನ: ಒಟ್ಟು ಅವಧಿ]

ಕೊನೆಯ ಕಾಫಿ ಕುಡಿದ 12ರಿಂದ 24 ಗಂಟೆಯೊಳಗೆ ತೊಂದರೆ ಶುರುವಾಗುತ್ತೆ. 20ರಿಂದ 51 ಗಂಟೆಗಳ ನಡುವೆ ಜೋರಾಗುತ್ತೆ. ಆಮೇಲೆ ಇಳೀತಾ ಬಂದು, ಒಟ್ಟು 2ರಿಂದ 9 ದಿನದಲ್ಲಿ ಮುಗಿಯುತ್ತೆ. ತಲೆನೋವು ಒಂದೇ ಅಲ್ಲ. ಮಂಪರು, ಸಿಡುಕು, ಬೇಸರ, ಗಮನ ನಿಲ್ಲದೇ ಇರೋದು, ಕೆಲವರಿಗೆ ಜ್ವರ ಬರೋ ಮುಂಚಿನ ಹಾಗೆ ಮೈಕೈ ನೋವು, ವಾಕರಿಕೆ. ಇದು ಬರೀ ಅನಿಸಿಕೆ ಅಲ್ಲ. 2013ರಲ್ಲಿ ಬಂದ ಅಮೆರಿಕನ್ ಮನೋವೈದ್ಯಕೀಯ ಸಂಘದ ಕೈಪಿಡಿ ಡಿಎಸ್‌ಎಂ-5 ಇದನ್ನು ಒಂದು ರೋಗನಿರ್ಣಯವಾಗಿಯೇ ಸೇರಿಸಿಕೊಂಡಿದೆ. ದಿನಕ್ಕೆ 100 ಮಿಲಿಗ್ರಾಂ ಕೆಫೀನ್ (ಕಾಫಿ, ಚಹಾದಲ್ಲಿ ಎಚ್ಚರ ತರಿಸೋ ಅಂಶ), ಅಂದರೆ ಸುಮಾರು ಒಂದು ದೊಡ್ಡ ಕಪ್ ಕಾಫಿ ಕುಡಿಯೋರಲ್ಲೂ ಇದು ಕಾಣಿಸಿಕೊಳ್ಳಬಹುದು.

[ದೃಶ್ಯ: ಮಿದುಳಿನ ಗ್ರಾಹಕಗಳ ಆನಿಮೇಶನ್]

ಕಾರಣ ಏನು? ನಾವು ಎಚ್ಚರ ಇದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಅನ್ನೋ ವಸ್ತು ಸೇರ್ತಾ ಹೋಗುತ್ತೆ. ಅದು ಮಿದುಳಿನ ಜೀವಕೋಶಗಳ ಮೇಲೆ ತನಗಾಗಿ ಇರೋ ಜಾಗಗಳಿಗೆ, ಅಂದರೆ ಗ್ರಾಹಕಗಳಿಗೆ (ರಿಸೆಪ್ಟರ್), ಅಂಟಿಕೊಂಡಾಗ ನಿದ್ದೆ ಎಳೆಯುತ್ತೆ. ಕೆಫೀನ್ ಆ ಜಾಗಗಳಲ್ಲಿ ತಾನೇ ಕೂತುಬಿಡುತ್ತೆ, ಅದಕ್ಕೇ ಎಚ್ಚರ. ದಿನಾ ಹೀಗೇ ಆದರೆ ಮಿದುಳು ಸುಮ್ಮನಿರಲ್ಲ, ಗ್ರಾಹಕಗಳ ಸಂಖ್ಯೆ ಹೆಚ್ಚಿಸಿಕೊಳ್ಳುತ್ತೆ. ಈಗ ಕೆಫೀನ್ ದಿಢೀರನೆ ನಿಂತರೆ? ಆ ಹೆಚ್ಚುವರಿ ಗ್ರಾಹಕಗಳಿಗೂ ಅಡೆನೊಸಿನ್ ನುಗ್ಗುತ್ತೆ. ಕೆಫೀನ್ ಬಿಗಿ ಹಿಡಿದಿದ್ದ ಮಿದುಳಿನ ರಕ್ತನಾಳಗಳು ಹಿಗ್ಗುತ್ತವೆ, ರಕ್ತದ ಹರಿವು ಜಾಸ್ತಿಯಾಗುತ್ತೆ. ತಲೆ ಪಟಪಟ ಮಿಡಿಯೋ ನೋವು ಬರೋದು ಹೀಗೆ. ಗ್ರಾಹಕಗಳು ಮತ್ತೆ ಕಡಿಮೆಯಾಗೋಕೆ ಕೆಲವು ದಿನ ಬೇಕು. ಆ ಸಮಯ ಕೊಟ್ಟು ಇಳಿಸಿದರೆ ನೋವು ಬಹಳ ಮಟ್ಟಿಗೆ ತಪ್ಪುತ್ತೆ.

[ಪರದೆ ಮೇಲೆ: ಕೆಫೀನ್ ಅಂದಾಜು ಪಟ್ಟಿ]

ಇಳಿಸೋ ಮುಂಚೆ ಮೂರು ದಿನ ಏನನ್ನೂ ಬದಲಾಯಿಸದೆ ಬರೆದಿಡಿ. ಸುಮಾರು ಲೆಕ್ಕ ಇಷ್ಟು: 240 ಮಿ.ಲೀ. ಫಿಲ್ಟರ್ ಮಾಡಿದ ಕಾಫಿಯಲ್ಲಿ 95 ಮಿಲಿಗ್ರಾಂ, ಇನ್‌ಸ್ಟಂಟ್ ಕಾಫಿಯಲ್ಲಿ 60, ಒಂದು ಎಸ್‌ಪ್ರೆಸ್ಸೊ ಶಾಟ್‌ನಲ್ಲಿ 63, 240 ಮಿ.ಲೀ. ಕಪ್ಪು ಚಹಾದಲ್ಲಿ 47, ಒಂದು ಕ್ಯಾನ್ ಕೋಲಾದಲ್ಲಿ 34, 250 ಮಿ.ಲೀ. ಎನರ್ಜಿ ಡ್ರಿಂಕ್‌ನಲ್ಲಿ 80. ಕಾಫಿ ಕಮ್ಮಿ ಮಾಡಿ ಆ ಜಾಗಕ್ಕೆ ಚಹಾ ತಂದು, ಅದನ್ನು ಲೆಕ್ಕಕ್ಕೇ ಹಿಡಿಯದೆ "ಅರ್ಧ ಬಿಟ್ಟಿದ್ದೇನೆ" ಅಂದುಕೊಳ್ಳೋರು ಇದ್ದಾರೆ. ಚಹಾಕ್ಕೆ ಬದಲಾಗೋದು ತಪ್ಪಲ್ಲ, ಬರೆದಿಡಿ ಅಷ್ಟೇ.

ಕಪ್‌ಗಳನ್ನು ಎಣಿಸಬೇಡಿ, ಪುಡಿ ಅಳೆಯಿರಿ. ಎರಡೇ ಕಪ್ ಅಂತ ಇಳಿಸಿಕೊಂಡು, ಕಪ್ ದೊಡ್ಡದು ಮಾಡಿ, ಪುಡಿ ಗಟ್ಟಿಯಾಗಿ ಹಾಕಿದರೆ ಒಳಗೆ ಹೋಗೋ ಕೆಫೀನ್ ಮೊದಲಿನಷ್ಟೇ ಇರುತ್ತೆ. ಇಳಿಸೋ ಅವಧಿಯಲ್ಲಿ ಪುಡಿಯ ಬ್ರ್ಯಾಂಡ್ ಬದಲಾಯಿಸಬೇಡಿ. ರೋಬಸ್ಟಾ ಬೀಜದಲ್ಲಿ ಅರೇಬಿಕಾಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ಕೆಫೀನ್ ಇರುತ್ತೆ. ಪುಡಿ ಬದಲಾದ ದಿನವೇ ನಿಮ್ಮ ಲೆಕ್ಕ ಕೆಟ್ಟಿತು.

[ದೃಶ್ಯ: ತಕ್ಕಡಿಯ ಮೇಲೆ ಕಾಫಿ ಪುಡಿ, ಪಕ್ಕದಲ್ಲಿ ಡಿಕ್ಯಾಫ್ ಡಬ್ಬ]

ದಿನಕ್ಕೆ 40 ಗ್ರಾಂ ಪುಡಿ ಬಳಸ್ತಿದ್ದೀರಿ ಅಂತಿಟ್ಟುಕೊಳ್ಳೋಣ. ಮೊದಲ ಹಂತ 30 ಗ್ರಾಂ ಮಾಮೂಲಿ ಪುಡಿ, 10 ಗ್ರಾಂ ಡಿಕ್ಯಾಫ್, ಅಂದರೆ ಕೆಫೀನ್ ತೆಗೆದ ಕಾಫಿ ಪುಡಿ. ಎರಡನೇದು 20, 20. ಮೂರನೇದು 10 ಮಾಮೂಲಿ, 30 ಡಿಕ್ಯಾಫ್. ಆಮೇಲೆ ಪೂರ್ತಿ ಡಿಕ್ಯಾಫ್, ಅಥವಾ ಏನೂ ಬೇಡ. ಒಂದೊಂದು ಹಂತದಲ್ಲಿ 4ರಿಂದ 7 ದಿನ ನಿಲ್ಲಿ. ತಲೆನೋವು ಪೂರ್ತಿ ಹೋಗದೆ ಮುಂದಿನ ಹಂತಕ್ಕೆ ಕಾಲಿಡಬೇಡಿ. ಡಿಕ್ಯಾಫ್ ಬೆರೆಸೋದರ ಲಾಭ ಏನಂದರೆ ರುಚಿ, ಬಿಸಿ, ಕೈಯಲ್ಲಿ ಲೋಟ ಹಿಡಿಯೋ ಅಭ್ಯಾಸ ಎಲ್ಲ ಹಾಗೇ ಉಳಿಯುತ್ತೆ, ಕೆಫೀನ್ ಮಾತ್ರ ಇಳಿಯುತ್ತೆ. ಡಿಕ್ಯಾಫ್‌ನಲ್ಲೂ ಒಂದು ಕಪ್‌ಗೆ 2ರಿಂದ 15 ಮಿಲಿಗ್ರಾಂ ಕೆಫೀನ್ ಇರುತ್ತೆ, ಸೊನ್ನೆ ಅಲ್ಲ. ಡಿಕ್ಯಾಫ್ ಸಿಗದಿದ್ದರೆ ಅದೇ ಅನುಪಾತದಲ್ಲಿ ಪುಡಿ ಕಮ್ಮಿ ಮಾಡಿ. ಕಾಫಿ ತೆಳು ಅನಿಸುತ್ತೆ, ಆದರೂ ಕೆಲಸ ನಡೆಯುತ್ತೆ.

ಯಾವ ಹೊತ್ತಿನ ಕಾಫಿ ಮೊದಲು ಬಿಡಬೇಕು? ದಿನದ ಕೊನೆಯದು. ಕೆಫೀನ್ ಅರ್ಧ ಇಳಿಯೋಕೆ ಸರಾಸರಿ 5 ಗಂಟೆ ಬೇಕು. ಸಂಜೆ 5ಕ್ಕೆ ಕುಡಿದಿದ್ದರಲ್ಲಿ ಅರ್ಧ ರಾತ್ರಿ 10ಕ್ಕೂ ಮೈಯಲ್ಲೇ ಇರುತ್ತೆ. ಬಿಡೋ ದಿನಗಳಲ್ಲಿ ನಿಮಗೆ ಬೇಕಾದ ಮೊದಲ ಔಷಧಿ ನಿದ್ದೆ, ಅದನ್ನು ಮೊದಲು ಸರಿ ಮಾಡಿಕೊಳ್ಳಿ. ಬೆಳಗಿನ ಕಾಫಿ ಕೊನೆಗಿರಲಿ. ರಾತ್ರಿಯಿಡೀ ಕೆಫೀನ್ ಇಲ್ಲದೆ ಕಳೆದಿರೋದರಿಂದ ಆ ಹೊತ್ತಿಗೇ ಎಳೆತ ಜಾಸ್ತಿ.

ಹಂತ ಇಳಿಸೋ ದಿನವನ್ನೂ ಆರಿಸಿಕೊಳ್ಳಿ. ಶನಿವಾರ, ಭಾನುವಾರ ರಜೆ ಇದ್ದರೆ ಶುಕ್ರವಾರ ಸಂಜೆಯವರೆಗೆ ಹಳೇ ಅಳತೆ, ಶನಿವಾರದಿಂದ ಹೊಸದು. ಕಷ್ಟದ ಹೊತ್ತು ರಜೆಯಲ್ಲೇ ಕಳೆಯುತ್ತೆ. ದೂರ ಡ್ರೈವ್ ಮಾಡೋದು, ಪರೀಕ್ಷೆ ಬರೆಯೋದು ಇರೋ ವಾರ ಬೇಡ. ಸಿಗರೇಟು ಬಿಡೋದನ್ನೂ ಇದರ ಜೊತೆ ಸೇರಿಸಬೇಡಿ. ಸಿಗರೇಟು ನಿಂತಾಗ ಕೆಫೀನ್ ಮೈಯಿಂದ ಹೊರಹೋಗೋ ವೇಗ ಇಳಿಯುತ್ತೆ, ಅದೇ ಕಾಫಿ ಜಾಸ್ತಿ ನಾಟುತ್ತೆ, ಎರಡರ ಲೆಕ್ಕವೂ ಕಲಸಿಹೋಗುತ್ತೆ.

[ಪರದೆ ಮೇಲೆ: ಮಾತ್ರೆಯ ಲೇಬಲ್ ಓದಿ]

ಇಷ್ಟಾದರೂ ತಲೆನೋವು ಬಂದರೆ? ಕತ್ತಲೆ ಕೋಣೆ, ಹಣೆಗೆ ತಣ್ಣನೆ ಬಟ್ಟೆ, ಮಧ್ಯಾಹ್ನ 20 ನಿಮಿಷದ ನಿದ್ದೆ. ನೀರು ಕುಡಿಯಿರಿ, ಆದರೆ ನೀರಿನಿಂದಲೇ ಈ ನೋವು ಹೋಗುತ್ತೆ ಅಂತ ನಂಬಬೇಡಿ. ನೀರಿನ ಕೊರತೆಯೂ ಸೇರಿದ್ದರೆ ಆ ಭಾಗ ಮಾತ್ರ ಕಮ್ಮಿಯಾಗುತ್ತೆ. ನಿಮಗೆ ಒಗ್ಗೋದಾದರೆ ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್ ಆಗುತ್ತೆ, ಲೇಬಲ್‌ನಲ್ಲಿ ಹೇಳಿದ ಪ್ರಮಾಣ ದಾಟದಂತೆ. ಇಲ್ಲೊಂದು ಮೋಸದ ಜಾಗ ಇದೆ. ತಲೆನೋವಿನ ಕೆಲವು ಮಾತ್ರೆಗಳಲ್ಲೇ ಕೆಫೀನ್ ಬೆರೆಸಿರ್ತಾರೆ, ಒಂದೊಂದರಲ್ಲಿ 65 ಮಿಲಿಗ್ರಾಂವರೆಗೂ. ನುಂಗಿದ ಸ್ವಲ್ಪ ಹೊತ್ತಿಗೆ ನೋವು ಮಾಯ, ಯಾಕೆಂದರೆ ನೀವು ಮತ್ತೆ ಕೆಫೀನ್ ತಗೊಂಡಿರಿ. ನೋವಿನ ಮಾತ್ರೆಯನ್ನು ತಿಂಗಳಲ್ಲಿ ಹೆಚ್ಚು ದಿನ ನುಂಗಿದರೆ ಮಾತ್ರೆಯೇ ತಲೆನೋವಿಗೆ ಕಾರಣವಾಗುತ್ತೆ, ಅದಕ್ಕೆ ಎರಡು ಮೂರು ದಿನಕ್ಕೇ ನಿಲ್ಲಿಸಿ.

ಏನು ಮಾಡಿದರೂ ತಡೆಯೋಕಾಗದಿದ್ದರೆ ಪೂರ್ತಿ ಲೋಟ ಬೇಡ, ಕಾಲು ಅಥವಾ ಅರ್ಧ ಕಪ್ ಕಾಫಿ ಕುಡಿದು 30ರಿಂದ 60 ನಿಮಿಷ ಕಾಯಿರಿ. ಆಮೇಲೆ ಹಿಂದಿನ ಹಂತಕ್ಕೆ ಹೋಗಿ ನಾಲ್ಕು ದಿನ ಇದ್ದು ಮತ್ತೆ ಇಳಿಯಿರಿ. ಮಲಬದ್ಧತೆ ಆಗಬಹುದು, ಕಾಫಿ ಕರುಳನ್ನು ಚುರುಕು ಮಾಡ್ತಿತ್ತು. ನಾರಿನಂಶ, ಬೆಳಿಗ್ಗೆ ಒಂದು ಲೋಟ ಬಿಸಿನೀರು, ನಡಿಗೆ.

[ಪರದೆ ಮೇಲೆ, ಕೆಂಪು ಅಕ್ಷರ: ವೈದ್ಯರನ್ನು ಮೊದಲು ಕೇಳಿ]

ಮನೋರೋಗದ ಔಷಧಿಗಳಾದ ಲಿಥಿಯಂ ಅಥವಾ ಕ್ಲೋಜಪೈನ್ ತಗೊಳ್ಳೋರು ವೈದ್ಯರಿಗೆ ಹೇಳದೆ ಕಾಫಿ ಬಿಡಬೇಡಿ. ಕೆಫೀನ್ ನಿಂತಾಗ ರಕ್ತದಲ್ಲಿ ಲಿಥಿಯಂ ಏರುತ್ತೆ. ಕ್ಲೋಜಪೈನ್‌ನಲ್ಲಿ ಉಲ್ಟಾ, ಅದರ ಮಟ್ಟ ಇಳಿಯುತ್ತೆ. ಇನ್ನು ಒಮ್ಮೆಲೇ ಸಿಡಿಲು ಬಡಿದಂಥ ತಲೆನೋವು, ಜ್ವರದ ಜೊತೆ ಕತ್ತು ಬಿಗಿಯೋದು, ಮಾತು ತೊದಲೋದು, ಒಂದು ಪಕ್ಕದ ಕೈಕಾಲು ಸೋಲೋದು, ಇವು ಕಾಫಿ ಬಿಟ್ಟಿದ್ದರ ಲಕ್ಷಣ ಅಲ್ಲ. ಕಾಯದೆ ಆಸ್ಪತ್ರೆಗೆ ಹೋಗಿ. ಕಾಫಿ ಪೂರ್ತಿ ನಿಂತು ಹತ್ತು ದಿನ ಕಳೆದರೂ ತಲೆನೋವು ಹೋಗದಿದ್ದರೆ ವೈದ್ಯರಿಗೆ ತೋರಿಸಿ.

ಪೂರ್ತಿ ಬಿಟ್ಟ ಮೇಲೆ ಯಾವುದೋ ಒಂದು ದಿನ ಒಂದು ಕಪ್ ಕುಡಿದರೆ ಪಟ್ಟ ಶ್ರಮ ವ್ಯರ್ಥ ಆಗಲ್ಲ. ಆದರೆ ಸತತ ಮೂರು ದಿನ ಹಳೇ ಅಳತೆಗೆ ಮರಳಿದರೆ, ನಿಲ್ಲಿಸಿದಾಗ ಅದೇ ತಲೆನೋವು ಮತ್ತೆ ಬರೋಕೆ ಅಷ್ಟು ಸಾಕು. ಎರಡನೇ ದಿನವೂ ಕೈ ಕಾಫಿ ಡಬ್ಬಕ್ಕೆ ಹೋದರೆ, ಅವತ್ತು ಡಿಕ್ಯಾಫ್ ಹಾಕಿ.